ಅಮ್ಮನ ಕತ್ತರಿಗೆ ‘ಅನ್‌ಡೂ’ ಇಲ್ಲ

ವಿಜಯನಗರದ ನಮ್ಮ ಬಾಡಿಗೆ ಮನೆಯ ಹಾಲ್‌ನಲ್ಲಿ ಎರಡು ಯಂತ್ರಗಳಿವೆ. ಒಂದು ಅಮ್ಮನ ಹೊಲಿಗೆ ಮೆಷಿನ್, ಇನ್ನೊಂದು ನನ್ನ ಲ್ಯಾಪ್‌ಟಾಪ್. ಮೊದಲನೆಯದು ನನ್ನ ಕಾಲೇಜು ಫೀಸು ಕಟ್ಟಿದೆ. ಎರಡನೆಯದು ಇನ್ನೂ ಒಂದು ರೂಪಾಯಿ ತಂದಿಲ್ಲ.

ಎಂಜಿನಿಯರಿಂಗ್ ಮುಗಿಸಿ ‘ಕೆಲಸಕ್ಕೆ ಹೋಗಲ್ಲ, ಸ್ವಂತ ಗೇಮ್ ಮಾಡ್ತೀನಿ’ ಅಂದಾಗ ಅಪ್ಪ ಒಂದು ವರ್ಷ ಗಡುವು ಕೊಟ್ಟರು. ಸ್ಟೀಮ್‌ನಲ್ಲಿ ಒಂದು ಗೇಮ್ ಹಾಕಲು 100 ಡಾಲರ್ ಕಟ್ಟಬೇಕು. ಅಮ್ಮನ ಲೆಕ್ಕದಲ್ಲಿ ಅದು ಸುಮಾರು 30 ಬ್ಲೌಸ್.

ನನ್ನದು ಆಕಾರಗಳನ್ನು ಕತ್ತರಿಸಿ ಜೋಡಿಸುವ ಪಜಲ್ ಗೇಮ್. ಎಂಟನೇ ತಿಂಗಳಲ್ಲಿ ಬಸವೇಶ್ವರನಗರದ ಗೆಳೆಯನಿಗೆ ಆಡಲು ಕೊಟ್ಟೆ. ಹತ್ತೇ ನಿಮಿಷಕ್ಕೆ ಮೊಬೈಲ್ ತೆಗೆದು ರೀಲ್ಸ್ ನೋಡತೊಡಗಿದ. ‘ಚೆನ್ನಾಗಿದೆ ಮಗಾ’ ಎಂದ. ಬೈದಿದ್ದರೇ ವಾಸಿಯಿತ್ತು.

ತಪ್ಪು ಹುಡುಕಲು ಇಪ್ಪತ್ತು ಪಜಲ್ ಗೇಮ್‌ಗಳನ್ನು ಆಡಿದೆ. ನನ್ನ ಗೇಮು ಆ ಇಪ್ಪತ್ತರ ಹಾಗೇ ಆಯಿತು, ಅಷ್ಟೇ. ಮಿಯಾಮೊಟೊಗೆ ‘ಪಿಕ್ಮಿನ್’ ಹೊಳೆದದ್ದು ಮನೆಯ ತೋಟದಲ್ಲಿ, ತಜಿರಿಗೆ ‘ಪೋಕೆಮಾನ್’ ಹೊಳೆದದ್ದು ಬಾಲ್ಯದಲ್ಲಿ ಹುಳು ಹಿಡಿಯುತ್ತಿದ್ದ ನೆನಪಿನಿಂದ ಎಂದು ಓದಿದ್ದೆ. ನಮಗೆಲ್ಲಿಯ ತೋಟ ಎಂದುಕೊಂಡು, ಮೆಷಿನ್ನಿನ ಸದ್ದು ಕೇಳಿಸದಂತೆ ಹೆಡ್‌ಫೋನ್ ಹಾಕಿ ಕೂತಿದ್ದೆ.

ದೀಪಾವಳಿಗೆ ವಾರವಿದ್ದಾಗ ಒಂದು ಸಂಜೆ ಕರೆಂಟ್ ಹೋಯಿತು. ಅಮ್ಮ ‘ಸ್ವಲ್ಪ ಟಾರ್ಚ್ ಹಿಡಿ ಬಾ’ ಎಂದು ಕರೆದರು. ನೆಲದ ಮೇಲೆ 80 ಸೆಂಟಿಮೀಟರಿನ ರೇಷ್ಮೆ ಬ್ಲೌಸ್ ಪೀಸ್. ಗಿರಾಕಿಗೆ ಮೊಣಕೈವರೆಗೆ ತೋಳು ಬೇಕು, ಜರಿ ಅಂಚು ತೋಳಿನ ತುದಿಗೇ ಬರಬೇಕು. ಬಟ್ಟೆ ಸಾಲದು. ಅಮ್ಮ ಚಾಕ್‌ನಲ್ಲಿ ಗೆರೆ ಎಳೆದರು, ಕೈಯಲ್ಲಿ ಒರೆಸಿದರು, ಬೆನ್ನಿನ ಭಾಗವನ್ನು ಆ ಕಡೆಯಿಂದ ಈ ಕಡೆಗೆ ತಂದು ಮತ್ತೆ ಎಳೆದರು. ಅರ್ಧ ಗಂಟೆ ಕತ್ತರಿ ಮುಟ್ಟಲೇ ಇಲ್ಲ. ಟಾರ್ಚ್ ಹಿಡಿದ ಕೈ ನೋಯುತ್ತಿದ್ದರೂ ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಕೊನೆಗೆ, ‘ಕಂಕುಳ ಹತ್ತಿರ ಸಣ್ಣ ತುಂಡು ಜೋಡಿಸಿದ್ರೆ ಯಾರಿಗೂ ಕಾಣಲ್ಲ’ ಎಂದು ಒಂದೇ ಉಸಿರಿಗೆ ಕತ್ತರಿಸಿಬಿಟ್ಟರು.

ನನ್ನ ಗೇಮಿನಲ್ಲಿ ಎಷ್ಟು ಸಲ ಬೇಕಾದರೂ ‘ಅನ್‌ಡೂ’ ಒತ್ತಬಹುದಿತ್ತು. ಆಡುವವನು ಯೋಚಿಸಬೇಕಾದ ಕಾರಣವೇ ಇರಲಿಲ್ಲ. ಅದೇ ರಾತ್ರಿ ಆ ಬಟನ್ ತೆಗೆದು ಹಾಕಿದೆ. ಚಾಕ್ ಎಷ್ಟು ಸಲ ಬೇಕಾದರೂ ಎಳೆಯಬಹುದು, ಕತ್ತರಿ ಒಂದೇ ಸಲ. ಪೂರ್ತಿ ನಿರ್ದಯಿಯಾಗುವುದೂ ಬೇಡವೆನಿಸಿತು. ಮುಂದೆ ಬಿಗಿಯಾದರೆ ಬಿಚ್ಚಿಕೊಳ್ಳಲೆಂದು ಅಮ್ಮ ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಬಿಟ್ಟಿರುತ್ತಾರಲ್ಲ, ಹಾಗೆ ಪ್ರತಿ ಹಂತದಲ್ಲೂ ಒಂದು ಸಣ್ಣ ತಪ್ಪಿಗೆ ಜಾಗ ಬಿಟ್ಟೆ. ಉಳಿದ ತುಂಡುಗಳನ್ನು ಎಸೆಯದೆ ಮುಂದಿನ ಹಂತಕ್ಕೆ ಒಯ್ಯಬಹುದು. ಇದೂ ಅಮ್ಮನ ಚಿಂದಿ ಚೀಲದಿಂದ ಕದ್ದದ್ದೇ.

ಮತ್ತೆ ಅದೇ ಗೆಳೆಯನನ್ನು ಕರೆದೆ. ಮೂರನೇ ಹಂತದಲ್ಲಿ ಗೆರೆ ಎಳೆಯುವುದು, ಅಳಿಸುವುದು. ಕತ್ತರಿಸಲು ಧೈರ್ಯವೇ ಇಲ್ಲ. ಕಾಫಿ ಆರಿಹೋಯಿತು. ಮೊಬೈಲ್ ಎರಡು ಸಲ ರಿಂಗಾದರೂ ತೆಗೆಯಲಿಲ್ಲ.

ಮೊನ್ನೆ ಅಮ್ಮನಿಗೂ ಆಡಲು ಕೊಟ್ಟೆ. ಮೌಸ್ ಹಿಡಿಯುವುದೇ ಒಂದು ಸಾಹಸ. ಒಂದು ತುಂಡನ್ನು ತಿರುಗಿಸಿ, ಇನ್ನೊಮ್ಮೆ ತಿರುಗಿಸಿ, ‘ಇದರಲ್ಲಿ ನೂಲು ಯಾವ ಕಡೆ ಓಡುತ್ತೆ?’ ಎಂದರು. ನೇರ ಇಟ್ಟರೆ ಬಟ್ಟೆ ಗಟ್ಟಿ ನಿಲ್ಲುತ್ತದೆ, ಓರೆಯಾಗಿ ಇಟ್ಟರೆ ಹಿಗ್ಗುತ್ತದೆ, ಅದಕ್ಕೇ ಕ್ರಾಸ್ ಕಟ್‌ಗೆ ಜಾಸ್ತಿ ಬಟ್ಟೆ ಬೇಕು ಎಂದು ವಿವರಿಸಿದರು. ನನ್ನ ಗೇಮಿನಲ್ಲಿ ಯಾವ ತುಂಡನ್ನು ಹೇಗೆ ತಿರುಗಿಸಿದರೂ ಒಂದೇ.

‘ಹಾಗಾದ್ರೆ ಇದು ಬಟ್ಟೆ ಅಲ್ಲ ಕಣೋ, ಪೇಪರು’ ಎಂದು ಎದ್ದು ಮೆಷಿನ್ನಿಗೆ ಹೋದರು.

ಗಡುವಿಗೆ ಇನ್ನು ಎರಡು ತಿಂಗಳಿದೆ. ಹನ್ನೊಂದು ಹಂತಗಳನ್ನು ಮೊದಲಿನಿಂದ ಮಾಡುತ್ತಿದ್ದೇನೆ. ಹೆಡ್‌ಫೋನ್ ಎಲ್ಲಿಟ್ಟೆನೋ ನೆನಪಿಲ್ಲ.