ಹೈಬ್ರಿಡ್ ಕಾರಿನ ಬ್ಯಾಟರಿ ಸತ್ತರೆ ಅಂಗೈಯಗಲದ ಜಂಪ್ ಸ್ಟಾರ್ಟರ್ ಸಾಕೇ?

ಮೂರು ವಾರಗಳ ಪ್ರವಾಸ ಮುಗಿಸಿ ನಡುರಾತ್ರಿ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಬಂದಿಳಿದ ಕುಟುಂಬವೊಂದನ್ನು ಊಹಿಸಿಕೊಳ್ಳಬಹುದು. ಸಾಮಾನು ಸರಂಜಾಮುಗಳೊಂದಿಗೆ ಪಾರ್ಕಿಂಗ್ ತಾಣಕ್ಕೆ ಬಂದರೆ, ಅಲ್ಲಿ ನಿಲ್ಲಿಸಿ ಹೋಗಿದ್ದ ಹೈಬ್ರಿಡ್ ಕಾರು ರಿಮೋಟ್ ಕೀಲಿಗೆ ಸ್ಪಂದಿಸುವುದಿಲ್ಲ. ಬಾಗಿಲು ತೆರೆಯದು, ದೀಪ ಮಿನುಗದು, ಡಿಕ್ಕಿಯೂ ಬಾಯಿ ಬಿಡದು. ಲಕ್ಷಾಂತರ ರೂಪಾಯಿಯ ವಾಹನ ಕಬ್ಬಿಣದ ಪೆಟ್ಟಿಗೆಯಂತೆ ನಿಂತಿರುತ್ತದೆ.

ವಿಚಿತ್ರವೆಂದರೆ, ಅದೇ ಕಾರಿನೊಳಗೆ ನೂರಾರು ವೋಲ್ಟ್ ಸಾಮರ್ಥ್ಯದ ದೊಡ್ಡ ಬ್ಯಾಟರಿಯೊಂದು ಬಹುತೇಕ ಸುಸ್ಥಿತಿಯಲ್ಲೇ ಇರುತ್ತದೆ. ಕೈಯಲ್ಲಿ ಬೆಣ್ಣೆಯಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಹ ಸ್ಥಿತಿ ಇದು. ಸತ್ತಿರುವುದು ಆ ದೊಡ್ಡ ಬ್ಯಾಟರಿಯಲ್ಲ, ಮೂಲೆಯಲ್ಲಿ ಕುಳಿತ 12 ವೋಲ್ಟ್‌ನ ಪುಟ್ಟ ಬ್ಯಾಟರಿ. ಅದನ್ನು ಎಚ್ಚರಿಸಲು ಅಂಗೈಯಗಲದ ಜಂಪ್ ಸ್ಟಾರ್ಟರ್ ಸಾಕು. ಆದರೆ ಜೋಡಿಸುವಾಗ ತಪ್ಪಿದರೆ ತೆರಬೇಕಾದ ದಂಡ ಸಣ್ಣದಲ್ಲ.

ಎರಡು ಬ್ಯಾಟರಿ, ಎರಡು ಕೆಲಸ

1997ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಟೊಯೋಟಾ ಪ್ರಿಯಸ್ ಹೈಬ್ರಿಡ್ ಕಾರುಗಳ ಯುಗಕ್ಕೆ ನಾಂದಿ ಹಾಡಿತು. ಕರ್ನಾಟಕಕ್ಕೂ ಈ ತಂತ್ರಜ್ಞಾನ ಹೊಸತಲ್ಲ. 2013ರಲ್ಲಿ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ ಕ್ಯಾಮ್ರಿ ಹೈಬ್ರಿಡ್ ಸಿದ್ಧವಾಯಿತು. 2022ರಲ್ಲಿ ಹೈರೈಡರ್ ಮತ್ತು ಇನ್ನೋವಾ ಹೈಕ್ರಾಸ್ ಅಲ್ಲಿಂದಲೇ ಹೊರಬಂದವು. ಅದೇ ವರ್ಷ ಹೋಂಡಾ ಸಿಟಿಯ ಹೈಬ್ರಿಡ್ ಮಾದರಿಯೂ ದೇಶದ ರಸ್ತೆಗಿಳಿಯಿತು.

ಈ ಬಗೆಯ ಕಾರುಗಳಲ್ಲಿ ಬ್ಯಾಟರಿಗಳು ಎರಡು. ಚಕ್ರ ತಿರುಗಿಸುವ ಮೋಟಾರಿಗೆ ಶಕ್ತಿ ನೀಡುವುದು ಅಧಿಕ ವೋಲ್ಟೇಜ್ ಬ್ಯಾಟರಿ. 2003ರಲ್ಲಿ ಬಂದ ಎರಡನೇ ತಲೆಮಾರಿನ ಪ್ರಿಯಸ್‌ನಲ್ಲಿ ಇದು 201.6 ವೋಲ್ಟ್‌ನದಾಗಿತ್ತು. ಎರಡನೆಯದು ಎಲ್ಲ ಕಾರುಗಳಲ್ಲೂ ಇರುವಂತಹ 12 ವೋಲ್ಟ್ ಬ್ಯಾಟರಿ. ದೀಪ, ಬಾಗಿಲಿನ ಬೀಗ, ಹಾರ್ನ್ ಹಾಗೂ ಕಾರಿನ ಗಣಕಗಳೆಲ್ಲ ಇದನ್ನೇ ಅವಲಂಬಿಸಿವೆ.

ಸಾಮಾನ್ಯ ಪೆಟ್ರೋಲ್ ಕಾರಿನಲ್ಲಿ 12 ವೋಲ್ಟ್ ಬ್ಯಾಟರಿಯು ಸ್ಟಾರ್ಟರ್ ಮೋಟಾರನ್ನು ತಿರುಗಿಸಿ ಎಂಜಿನ್‌ಗೆ ಚಾಲನೆ ನೀಡುತ್ತದೆ. ಪ್ರಿಯಸ್ ಮಾದರಿಯ ಹೈಬ್ರಿಡ್‌ನಲ್ಲಿ ಆ ಹೊಣೆಯನ್ನು ಅಧಿಕ ವೋಲ್ಟೇಜ್ ಬ್ಯಾಟರಿ ಮತ್ತು ಅದಕ್ಕೆ ಜೋಡಿಸಿದ ಮೋಟಾರ್-ಜನರೇಟರ್ ಹೊತ್ತಿವೆ. ಹಾಗಿದ್ದೂ ಪುಟ್ಟ ಬ್ಯಾಟರಿ ಸತ್ತರೆ ಕಾರು ಕದಲದಿರುವುದೇಕೆ? ಕಾರು ನಿಲ್ಲಿಸಿದಾಗ ಸುರಕ್ಷತೆಗಾಗಿ ದೊಡ್ಡ ಬ್ಯಾಟರಿಯ ಸಂಪರ್ಕವನ್ನು ರಿಲೇಗಳು ಕಡಿದುಹಾಕುತ್ತವೆ. ಮರಳಿ ಸಂಪರ್ಕ ಕಲ್ಪಿಸಬೇಕಾದರೆ ಮೊದಲು ಗಣಕಗಳು ಎಚ್ಚರಗೊಳ್ಳಬೇಕು, ಬಳಿಕ ರಿಲೇಗಳು ಕೂಡಿಕೊಳ್ಳಬೇಕು. ಈ ಎರಡೂ ಕೆಲಸಕ್ಕೆ ಬೇಕಾದುದು 12 ವೋಲ್ಟ್. ದೊಡ್ಡ ಬ್ಯಾಟರಿ ಕೋಟೆಯಾದರೆ, ಅದರ ಬೀಗದ ಕೈ ಪುಟ್ಟ ಬ್ಯಾಟರಿಯ ಬಳಿಯಿದೆ.

ಬರಿದಾಗುವುದೇಕೆ?

ನಿಂತ ಕಾರು ಪೂರ್ತಿ ನಿದ್ರಿಸುವುದಿಲ್ಲ. ಕೀಲಿಯ ಸಂಕೇತಕ್ಕಾಗಿ ಕಾದಿರುವ ಗ್ರಾಹಕ, ಕಳ್ಳತನ ತಡೆಯುವ ಅಲಾರಂ, ಮೊಬೈಲ್ ಸಂಪರ್ಕ ಸಾಧನ, ಮಾಲೀಕರು ಹೊರಗಿನಿಂದ ಹಾಕಿಸಿದ ಡ್ಯಾಶ್ ಕ್ಯಾಮೆರಾ ಇವೆಲ್ಲ ಹನಿಹನಿಯಾಗಿ ವಿದ್ಯುತ್ ಹೀರುತ್ತಿರುತ್ತವೆ. ಎಂಜಿನ್ ತಿರುಗಿಸುವ ಹೊರೆಯಿಲ್ಲದ ಕಾರಣ ಅನೇಕ ಹೈಬ್ರಿಡ್‌ಗಳಲ್ಲಿ ಈ ಬ್ಯಾಟರಿಯ ಗಾತ್ರವೂ ಕಿರಿದು. 2020ರ ಲಾಕ್‌ಡೌನ್ ವೇಳೆ ವಾರಗಟ್ಟಲೆ ಕಾರುಗಳು ಕದಲದೆ ನಿಂತಾಗ ಅನೇಕ ಮಾಲೀಕರಿಗೆ ಇದರ ಬಿಸಿ ತಟ್ಟಿತ್ತು.

ಪೂರ್ತಿ ಚಾರ್ಜ್ ಆದ ಸೀಸ-ಆಮ್ಲ ಬ್ಯಾಟರಿಯು ವಿಶ್ರಾಂತ ಸ್ಥಿತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12 ವೋಲ್ಟ್‌ಗಿಂತ ಕೆಳಗಿಳಿದರೆ ಬಹುತೇಕ ಖಾಲಿಯಾದಂತೆಯೇ. ಪದೇ ಪದೇ ಹೀಗೆ ಬರಿದಾದರೆ ಅದರ ಆಯುಷ್ಯ ಶೀಘ್ರ ಕುಂದುತ್ತದೆ.

ಪುಟ್ಟ ಸಾಧನ ಸಾಕಾಗುವುದು ಹೇಗೆ?

ಜಂಪ್ ಸ್ಟಾರ್ಟರ್ ಎಂಬುದು ಲಿಥಿಯಂ ಕೋಶಗಳುಳ್ಳ, ಕೆಂಪು-ಕಪ್ಪು ಕ್ಲಿಪ್‌ಗಳಿರುವ ಚಿಕ್ಕ ಪೆಟ್ಟಿಗೆ. ಪೆಟ್ರೋಲ್ ಎಂಜಿನ್ನನ್ನು ಸ್ಟಾರ್ಟರ್ ಮೋಟಾರಿನಿಂದ ತಿರುಗಿಸಲು ಕ್ಷಣಕಾಲ ನೂರಾರು ಆಂಪಿಯರ್ ಬೇಕಾಗುತ್ತದೆ. ದೊಡ್ಡ ಡೀಸೆಲ್ ಎಂಜಿನ್‌ಗೆ ಅದಕ್ಕೂ ಹೆಚ್ಚು. ಹೈಬ್ರಿಡ್‌ನಲ್ಲಾದರೋ ಗಣಕ ಮತ್ತು ರಿಲೇಗಳನ್ನು ಎಚ್ಚರಿಸಿದರಾಯಿತು. ಅದಕ್ಕೆ ಬೇಕಾದ ವಿದ್ಯುತ್ ಪ್ರವಾಹ ಇದರ ಅಲ್ಪಭಾಗ ಮಾತ್ರ. ಆದುದರಿಂದ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸಿದ ಸಾವಿರಾರು 'ಪೀಕ್ ಆಂಪ್ಸ್' ಸಂಖ್ಯೆಗೆ ಮರುಳಾಗಿ ಹೆಚ್ಚು ಹಣ ಸುರಿಯುವ ಅಗತ್ಯ ಹೈಬ್ರಿಡ್ ಮಾಲೀಕರಿಗಿಲ್ಲ. ತಿರುವುಮುರುವು ಜೋಡಣೆ ಮತ್ತು ಶಾರ್ಟ್ ಸರ್ಕ್ಯೂಟ್ ತಡೆಯುವ ವ್ಯವಸ್ಥೆ ಇದೆಯೇ ಎಂಬುದನ್ನು ನೋಡುವುದು ಹೆಚ್ಚು ಮುಖ್ಯ.

ಇಲ್ಲೊಂದು ಅಪವಾದವಿದೆ. 'ಮೈಲ್ಡ್ ಹೈಬ್ರಿಡ್' ಎಂಬ ಇನ್ನೊಂದು ವರ್ಗದ ಕಾರುಗಳಿವೆ. ಮಾರುತಿ ಸುಜುಕಿಯು 2015ರಲ್ಲಿ ಸಿಯಾಜ್ ಡೀಸೆಲ್‌ನಲ್ಲಿ ಪರಿಚಯಿಸಿದ ವ್ಯವಸ್ಥೆ ಇದಕ್ಕೆ ನಿದರ್ಶನ. ಅಲ್ಲಿ ಎಂಜಿನ್‌ಗೆ ಚಾಲನೆ ನೀಡುವುದು 12 ವೋಲ್ಟ್ ವ್ಯವಸ್ಥೆಯೇ. ಹೆಸರಿನಲ್ಲಿ ಹೈಬ್ರಿಡ್ ಎಂದಿದ್ದರೂ ಇಂತಹ ಕಾರಿಗೆ ಸಾಮಾನ್ಯ ಕಾರಿನಷ್ಟೇ ಬಲವುಳ್ಳ ಜಂಪ್ ಸ್ಟಾರ್ಟರ್ ಬೇಕು.

ಜೋಡಿಸುವ ಕ್ರಮ

ರಿಮೋಟ್ ಕೆಲಸ ಮಾಡದಿದ್ದರೂ ಅದರೊಳಗೆ ಅಡಗಿರುವ ಲೋಹದ ಕೀಲಿಯಿಂದ ಚಾಲಕನ ಬಾಗಿಲನ್ನು ತೆರೆಯಬಹುದು. ಮುಂದಿನ ಪ್ರಶ್ನೆ ಬ್ಯಾಟರಿ ಎಲ್ಲಿದೆ ಎಂಬುದು. ಎರಡನೇ ತಲೆಮಾರಿನ ಪ್ರಿಯಸ್‌ನಲ್ಲಿ ಅದು ಹಿಂಭಾಗದ ಸಾಮಾನು ಕೋಣೆಯಲ್ಲಿದೆ. ಬ್ಯಾಟರಿ ಸತ್ತಾಗ ಹಿಂಬಾಗಿಲು ಸುಲಭವಾಗಿ ತೆರೆಯದ ಕಾರಣ, ಬಾನೆಟ್ ಕೆಳಗಿನ ಫ್ಯೂಸ್ ಪೆಟ್ಟಿಗೆಯಲ್ಲಿ ಜಂಪ್ ಸ್ಟಾರ್ಟ್‌ಗೆಂದೇ ಧನ (+) ತುದಿಯೊಂದನ್ನು ಒದಗಿಸಲಾಗಿದೆ. ಪ್ರತಿ ಮಾದರಿಯಲ್ಲೂ ಈ ಸ್ಥಳ ಬೇರೆಯಾಗಿರುತ್ತದೆ. ಕಾರಿನ ಕೈಪಿಡಿಯಲ್ಲಿ ಇದನ್ನು ಮೊದಲೇ ಗುರುತಿಸಿಟ್ಟುಕೊಂಡರೆ ಕತ್ತಲಲ್ಲಿ ತಡಕಾಡುವುದು ತಪ್ಪುತ್ತದೆ.

ಕಾರು 'ಪಿ' ಸ್ಥಾನದಲ್ಲಿದ್ದು, ದೀಪ, ಹವಾನಿಯಂತ್ರಣಗಳೆಲ್ಲ ಆಫ್ ಆಗಿರಬೇಕು. ಜಂಪ್ ಸ್ಟಾರ್ಟರ್ ಆನ್ ಮಾಡುವ ಮೊದಲು ಕೆಂಪು ಕ್ಲಿಪ್ಪನ್ನು ಧನ ತುದಿಗೆ, ನಂತರ ಕಪ್ಪು ಕ್ಲಿಪ್ಪನ್ನು ಕೈಪಿಡಿ ಸೂಚಿಸಿದ, ಬಣ್ಣ ಬಳಿಯದ ಲೋಹದ ಭಾಗಕ್ಕೆ ಸಿಕ್ಕಿಸಬೇಕು. ಬಳಿಕ ಸಾಧನವನ್ನು ಆನ್ ಮಾಡಿ, ಬ್ರೇಕ್ ತುಳಿದು ಪವರ್ ಗುಂಡಿ ಒತ್ತಬೇಕು. ಡ್ಯಾಶ್ ಬೋರ್ಡ್‌ನಲ್ಲಿ 'ರೆಡಿ' ದೀಪ ಬೆಳಗಿದರೆ ಕಾರ್ಯ ಸಿದ್ಧಿಸಿತೆಂದೇ ಅರ್ಥ. ಎಂಜಿನ್ ಸದ್ದು ಕೇಳಿಸಲೇಬೇಕೆಂದಿಲ್ಲ. ಬಳಿಕ ಸಾಧನವನ್ನು ಆಫ್ ಮಾಡಿ, ಮೊದಲು ಕಪ್ಪು, ಅನಂತರ ಕೆಂಪು ಕ್ಲಿಪ್ ತೆಗೆಯಬೇಕು.

ಹೈಬ್ರಿಡ್‌ನಲ್ಲಿ ಆಲ್ಟರ್ನೇಟರ್ ಬದಲು ಡಿಸಿ-ಡಿಸಿ ಪರಿವರ್ತಕ ಇರುತ್ತದೆ. ಅದು ದೊಡ್ಡ ಬ್ಯಾಟರಿಯ ವಿದ್ಯುತ್ತನ್ನು ಇಳಿಸಿ ಪುಟ್ಟ ಬ್ಯಾಟರಿಗೆ ತುಂಬುತ್ತದೆ. 'ರೆಡಿ' ಸ್ಥಿತಿಯಲ್ಲಿರುವಷ್ಟು ಹೊತ್ತೂ, ಎಂಜಿನ್ ನಿಂತಿದ್ದರೂ, ಈ ಕೆಲಸ ಸಾಗುತ್ತದೆ. 'ರೆಡಿ' ಇಲ್ಲದೆ ಕೇವಲ 'ಆನ್' ಸ್ಥಿತಿಯಲ್ಲಿಟ್ಟರೆ ಮಾತ್ರ ಬ್ಯಾಟರಿ ಇನ್ನಷ್ಟು ಬರಿದಾಗುತ್ತದೆ. ಹಾಗಾಗಿ ಕನಿಷ್ಠ ಒಂದು ಗಂಟೆ ಕಾರು ಓಡಿಸುವುದು ಒಳಿತು.

ಮಾಡಬಾರದ ತಪ್ಪುಗಳು

ಮೊದಲನೆಯದು, ಕ್ಲಿಪ್‌ಗಳ ಅದಲುಬದಲು. ಧನ-ಋಣ ತಿರುವುಮುರುವಾದರೆ ಮುಖ್ಯ ಫ್ಯೂಸ್ ಸುಟ್ಟುಹೋಗುವುದಲ್ಲದೆ ದುಬಾರಿ ಪರಿವರ್ತಕ, ಗಣಕಗಳಿಗೂ ಹಾನಿಯಾದೀತು. ಪೂರ್ತಿ ಬರಿದಾದ ಬ್ಯಾಟರಿಯನ್ನು ಗುರುತಿಸಲಾಗದೆ ಕೆಲವು ಸಾಧನಗಳು ಸುಮ್ಮನಿರುತ್ತವೆ. ಆಗ ಒತ್ತಬೇಕಾದ 'ಬೂಸ್ಟ್' ಗುಂಡಿಯು ಅನೇಕ ಸಾಧನಗಳಲ್ಲಿ ರಕ್ಷಣಾ ವ್ಯವಸ್ಥೆಯನ್ನೇ ಬದಿಗಿರಿಸುತ್ತದೆ. ಅದನ್ನು ಒತ್ತುವ ಮುನ್ನ ಜೋಡಣೆಯನ್ನು ಎರಡು ಬಾರಿ ಪರೀಕ್ಷಿಸಬೇಕು.

ಎರಡನೆಯದು, ಹೆದ್ದಾರಿಯಲ್ಲಿ ಲಾರಿ ಅಥವಾ ಬಸ್ಸಿನ ಬ್ಯಾಟರಿಯಿಂದ ವೈರು ಎಳೆಯುವುದು. ಭಾರಿ ವಾಹನಗಳ ವ್ಯವಸ್ಥೆ ಸಾಮಾನ್ಯವಾಗಿ 24 ವೋಲ್ಟ್‌ನದು. 12 ವೋಲ್ಟ್‌ನ ಕಾರಿಗೆ ಅದು ಮಾರಕ. ಮೂರನೆಯದು, ನಾಲ್ಕು ಜನ ಸೇರಿ ತಳ್ಳುವುದು. ತಳ್ಳಿ ಸ್ಟಾರ್ಟ್ ಮಾಡುವ ಹಳೆಯ ಉಪಾಯ ಈ ಕಾರುಗಳಲ್ಲಿ ನಡೆಯದು. ಇನ್ನು ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಮುಟ್ಟುವಂತೆಯೇ ಇಲ್ಲ. ಅವು ಅಧಿಕ ವೋಲ್ಟೇಜ್ ತಂತಿಗಳು, ಪ್ರಾಣಾಪಾಯ ತರಬಲ್ಲವು.

ಸಾಧನಕ್ಕೂ ಆರೈಕೆ ಬೇಕು

ಜಂಪ್ ಸ್ಟಾರ್ಟರನ್ನು ಡಿಕ್ಕಿಯಲ್ಲಿಟ್ಟು ಮರೆತರೆ, ಬ್ಯಾಟರಿ ಸತ್ತ ದಿನ ಡಿಕ್ಕಿಯೇ ತೆರೆಯದೆ ಅದು ನಿರುಪಯುಕ್ತವಾಗಬಹುದು. ಬೇಸಿಗೆಯ ಬಿಸಿಲಿನಲ್ಲಿ ನಿಂತ ಕಾರಿನೊಳಗಿನ ಕಾವು ಲಿಥಿಯಂ ಕೋಶಗಳಿಗೆ ಶತ್ರು. ಕಲಬುರಗಿ, ರಾಯಚೂರಿನಂತಹ ಊರುಗಳಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಪ್ರಯಾಣದ ದಿನ ಮಾತ್ರ ಕಾರಿನಲ್ಲಿಟ್ಟು, ಉಳಿದಂತೆ ಮನೆಯಲ್ಲಿಡುವುದು, ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡುವುದು ಸೂಕ್ತ. ಉಬ್ಬಿದ ಸಾಧನವನ್ನು ಬಳಸಲೇಬಾರದು.

ಕೊನೆಯದಾಗಿ, ಜಂಪ್ ಸ್ಟಾರ್ಟರ್ ಪ್ರಥಮ ಚಿಕಿತ್ಸೆಯೇ ಹೊರತು ಮದ್ದಲ್ಲ. ಜೋಡಿಸಿದರೂ 'ರೆಡಿ' ದೀಪ ಬೆಳಗದೆ ಎಚ್ಚರಿಕೆಯ ದೀಪಗಳು ಉಳಿದರೆ ದೋಷ ಬೇರೆಡೆಯಿದೆ, ಸೇವಾ ಕೇಂದ್ರಕ್ಕೆ ಕರೆ ಮಾಡುವುದೇ ದಾರಿ. ಕೆಲವೇ ದಿನಗಳಲ್ಲಿ ಮತ್ತೆ ಬ್ಯಾಟರಿ ಸತ್ತರೆ ಅದನ್ನು ಪರೀಕ್ಷಿಸಿ ಬದಲಿಸಬೇಕು. ಬ್ಯಾಟರಿಯು ಕಾರಿನ ಒಳಭಾಗದಲ್ಲಿರುವ ಮಾದರಿಗಳಲ್ಲಿ ಅನಿಲವನ್ನು ಹೊರಗೆ ಕಳುಹಿಸುವ ಕೊಳವೆಯಿರುವುದರಿಂದ, ತಯಾರಕರು ಸೂಚಿಸಿದ ಬಗೆಯ ಬ್ಯಾಟರಿಯನ್ನೇ ಹಾಕಿಸಬೇಕು. ದೀರ್ಘ ಪ್ರವಾಸಕ್ಕೆ ಹೊರಡುವ ಮುನ್ನ ಕೈಪಿಡಿಯ ಆ ಒಂದು ಪುಟವನ್ನು ಓದಿಕೊಂಡವರಿಗೆ, ಹಿಂದಿರುಗಿದ ರಾತ್ರಿ ಪಾರ್ಕಿಂಗ್ ತಾಣದಲ್ಲಿ ಬೆಳಗು ಕಾಯುವ ಪ್ರಸಂಗ ಒದಗಲಾರದು.