ಆಹಾರಸೇವನೆಯ ವಿಕಾರಗಳು: ದೇಹದ ಸಾಕ್ಷ್ಯ, ಭಾಷೆಯ ಹೊಣೆ

ಕೋಲ್ಕತ್ತದ ಪಾರ್ಕ್ ಸ್ಟ್ರೀಟಿನಲ್ಲಿರುವ ಏಷ್ಯಾಟಿಕ್ ಸೊಸೈಟಿಯು ತನ್ನ ‘ಬಿಬ್ಲಿಯೋಥೆಕಾ ಇಂಡಿಕಾ’ ಮಾಲೆಯಲ್ಲಿ ಸುಶ್ರುತಸಂಹಿತೆಯ ಆರಂಭಭಾಗದ ಇಂಗ್ಲಿಷ್ ಅನುವಾದವನ್ನು 1897ರಲ್ಲಿ ಪ್ರಕಟಿಸಿತು. ಅನುವಾದಕರು ರುಡಾಲ್ಫ್ ಹಾರ್ನ್ಲೆ. ಅದೇ ಸಂಹಿತೆಯ ಉತ್ತರತಂತ್ರದಲ್ಲಿ ‘ಅರೋಚಕ’ಕ್ಕೆ ಮೀಸಲಾದ ಅಧ್ಯಾಯವೊಂದಿದೆ. ಅನ್ನ ರುಚಿಸದಿರುವ ಈ ವ್ಯಾಧಿಗೆ ವಾತಾದಿ ದೋಷಗಳ ಜೊತೆಗೆ ಮನಸ್ಸಿನ ಕ್ಲೇಶವನ್ನೂ ಅಲ್ಲಿ ಕಾರಣವೆಂದು ಎಣಿಸಲಾಗಿದೆ. ಇದನ್ನು ಇಂದಿನ ‘ಅನೊರೆಕ್ಸಿಯಾ ನರ್ವೋಸಾ’ದೊಡನೆ ಸಮೀಕರಿಸುವುದು ಆತುರವಾದೀತು. ಅನೊರೆಕ್ಸಿಯಾದ ರೋಗಿ ಹಸಿವಿದ್ದೂ ಅದನ್ನು ಮೆಟ್ಟಿ, ದೇಹ ಕೃಶವಾಗುವವರೆಗೆ ಆಹಾರವನ್ನು ತ್ಯಜಿಸಬಹುದು. ಆದರೂ ದೇಹವೋ ಮನಸ್ಸೋ ಎಂಬ ಪ್ರಶ್ನೆ ಎರಡಕ್ಕೂ ಸಮಾನವಾದುದು.

ಜೈವಿಕ ಸಂಶೋಧನೆಯ ಮೊದಲ ತೊಡಕೆಂದರೆ ಕಾರಣವನ್ನು ಪರಿಣಾಮದಿಂದ ಬೇರ್ಪಡಿಸುವುದು. 1944-45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಅವರು 36 ಮಂದಿ ಆರೋಗ್ಯವಂತ ಪುರುಷರ ಆಹಾರವನ್ನು ಸುಮಾರು ಅರ್ಧಕ್ಕೆ ಇಳಿಸಿದಾಗ, ಅವರಲ್ಲಿಯೂ ಆಹಾರದ ಗೀಳು, ಖಿನ್ನತೆ, ಜನರಿಂದ ದೂರ ಸರಿಯುವಿಕೆ ಕಾಣಿಸಿಕೊಂಡವು. ಹಾಗೆಯೇ ರೋಗಿಯ ರಕ್ತದಲ್ಲಿ ಲೆಪ್ಟಿನ್ ಹಾರ್ಮೋನು ತಗ್ಗಿರುವುದು ರೋಗದ ಮೂಲವೇ ಆಗಬೇಕೆಂದಿಲ್ಲ. ಮೈಯ ಕೊಬ್ಬು ಕರಗಿದುದರ ಫಲವೂ ಆಗಿರಬಹುದು.

ಹುಟ್ಟಿನೊಡನೆ ಬರುವ ವಂಶವಾಹಿಗಳ ಅಧ್ಯಯನದಲ್ಲಿ ಈ ತೊಡಕು ಕಡಿಮೆ. 2019ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು 16,992 ರೋಗಿಗಳನ್ನು 55,525 ಮಂದಿ ಇತರರೊಡನೆ ಹೋಲಿಸಿ, ಅನೊರೆಕ್ಸಿಯಾಕ್ಕೆ ಸಂಬಂಧಿಸಿದ 8 ನೆಲೆಗಳನ್ನು ವರ್ಣತಂತುಗಳಲ್ಲಿ ಗುರುತಿಸಿತು. ಇತರ ಮನೋರೋಗಗಳೊಡನೆ ಮಾತ್ರವಲ್ಲದೆ ಚಯಾಪಚಯದ ಲಕ್ಷಣಗಳೊಡನೆಯೂ ಈ ರೋಗಕ್ಕೆ ಆನುವಂಶಿಕ ನಂಟಿರುವುದು ಇದರಿಂದ ತಿಳಿದುಬಂದಿತು. ವಂಶವಾಹಿ ಒಲವನ್ನು ಸೂಚಿಸುತ್ತದೆ, ವಿಧಿಯನ್ನಲ್ಲ. ಆದರೆ ಉಣ್ಣದ ಮಗಳನ್ನು ‘ಹಟಮಾರಿ’ ಎಂದು ಜರೆಯುವ, ತಾಯಿಯನ್ನೇ ಹೊಣೆಗಾರಳನ್ನಾಗಿಸುವ ರೂಢಿಗೆ ಇನ್ನು ಆಧಾರವಿಲ್ಲ.

ಆದರೆ ಆ ಅಧ್ಯಯನಕ್ಕೆ ಒಳಗಾದವರು ಯುರೋಪು ಮೂಲದವರು. ಇತ್ತ 1995ರಲ್ಲಿ ದೆಹಲಿಯ ವೈದ್ಯರು ವರದಿ ಮಾಡಿದ ಐವರು ತರುಣಿಯರಲ್ಲಿ ಆಹಾರನಿರಾಕರಣೆ, ವಾಂತಿ, ತೂಕನಷ್ಟಗಳಿದ್ದರೂ ತಮ್ಮ ದೇಹದ ಆಕಾರವನ್ನು ಕುರಿತ ವಿಕೃತ ಕಲ್ಪನೆ ಇರಲಿಲ್ಲ. ರೋಗ ಇಲ್ಲಿ ಅಪರಿಚಿತವೂ ಅಲ್ಲ: 2012ರಲ್ಲಿ ಪ್ರಕಟವಾದ ಬೆಂಗಳೂರಿನ ಸಮೀಕ್ಷೆಯಲ್ಲಿ 66 ಮನೋವೈದ್ಯರ ಪೈಕಿ ಮೂರನೇ ಎರಡು ಭಾಗದವರು ಇಂತಹ ಒಬ್ಬ ರೋಗಿಯನ್ನಾದರೂ ಕಂಡಿದ್ದರು.

ಇಲ್ಲಿಯೇ ಭಾಷೆಯ ಪ್ರಶ್ನೆ ಏಳುತ್ತದೆ. ‘ದಪ್ಪಗಾಗುವ ಭಯವಿದೆಯೇ?’ ಎಂಬ ಅನುವಾದಿತ ಪ್ರಶ್ನೆಯೊಂದನ್ನೇ ಕೇಳಿದರೆ, ‘ಊಟ ಸೇರುವುದಿಲ್ಲ’, ‘ಹೊಟ್ಟೆ ತುಂಬಿದ ಹಾಗಿದೆ’ ಎನ್ನುವ ಹುಡುಗಿ ರೋಗಿಗಳ ಪಟ್ಟಿಯಿಂದಲೇ ಹೊರಗುಳಿಯುತ್ತಾಳೆ; ಆಕೆಯ ರಕ್ತದ ಮಾದರಿ ಪ್ರಯೋಗಶಾಲೆಯನ್ನು ತಲುಪುವುದೇ ಇಲ್ಲ. ಜೀವವಿಜ್ಞಾನ ಎಷ್ಟೇ ಸೂಕ್ಷ್ಮವಾಗಿದ್ದರೂ ಅದರ ಮೊದಲ ವಿಂಗಡಣೆ ನಡೆಯುವುದು ಮಾತಿನಲ್ಲಿ. ಹಸಿವು, ಅರುಚಿ, ಓಕರಿಕೆಗಳನ್ನು ಕನ್ನಡದ ಮನೆಗಳು ಯಾವ ಮಾತುಗಳಲ್ಲಿ ಹೇಳಿಕೊಳ್ಳುತ್ತವೆ ಎಂಬುದನ್ನು ಪ್ರದೇಶವಾರು ಸಂಗ್ರಹಿಸಿ ವೈದ್ಯರ ಕೈಗೆ ಒಪ್ಪಿಸುವುದು ಕನ್ನಡ ಅಧ್ಯಯನ ವಿಭಾಗಗಳು ಕೈಗೊಳ್ಳಬಹುದಾದ ಕಾರ್ಯ.