ಮುಳಬಾಗಿಲು ಕಾಳಗ: ಒಂದು ಕೂಗಿನ ಕಥನ

ಹೈದರ್ ಅಲಿಯ ಹುಟ್ಟೂರಾದ ಬೂದಿಕೋಟೆ ಇರುವ ಕೋಲಾರ ಸೀಮೆಯಲ್ಲಿಯೇ ಮೊದಲನೆಯ ಆಂಗ್ಲೋ-ಮೈಸೂರು ಯುದ್ಧದ ತೀವ್ರ ಕಾಳಗವೊಂದು ನಡೆಯಿತು. 1768ರ ಅಕ್ಟೋಬರ್ 4ರಂದು ಮುಳಬಾಗಿಲಿನ ಬಂಡೆಗಳ ನಡುವೆ ಕರ್ನಲ್ ವುಡ್‌ನ ಪಡೆ ಸೋಲಿನಂಚಿಗೆ ಬಂದಿತ್ತು. ಆಗ ಕ್ಯಾಪ್ಟನ್ ಬ್ರೂಕ್ ಗಾಯಾಳುಗಳೊಡನೆ ಬಂಡೆಯೇರಿ, ಫಿರಂಗಿ ಹಾರಿಸಿ, ‘ಸ್ಮಿತ್! ಸ್ಮಿತ್!’ ಎಂದು ಕೂಗಿಸಿದನೆಂದೂ, ಕರ್ನಲ್ ಸ್ಮಿತ್‌ನ ಸೇನೆಯೇ ಬಂದಿತೆಂದು ಭ್ರಮಿಸಿ ಮೈಸೂರು ಪಡೆ ಹಿಂಜರಿಯಿತೆಂದೂ ಮಾರ್ಕ್ ವಿಲ್ಕ್ಸ್ ಬರೆದಿದ್ದಾನೆ. ಕಾಳಗವಾಗಿ ನಾಲ್ಕು ದಶಕಗಳ ಮೇಲೆ ಅಚ್ಚಾದ ವೃತ್ತಾಂತವಿದು. ಬಲಹೀನನು ಬರಿಯ ದನಿಯಿಂದ ಬಲಶಾಲಿಯನ್ನು ಓಡಿಸುವ ಜನಪದ ಕಥೆಯ ಆಶಯವೇ ಇದರಲ್ಲಿಯೂ ಇದೆ. ಅಷ್ಟರಿಂದಲೇ ಇದನ್ನು ಸುಳ್ಳೆನ್ನಲಾಗದು. ಆದರೆ ಒಂದೇ ಪಕ್ಷದ ಕಥನವನ್ನು ಚರಿತ್ರೆಯೆಂದು ಹಾಗೆಯೇ ಸ್ವೀಕರಿಸಲೂ ಆಗದು. ಕೂಗು ನಿರ್ಣಯಿಸಿದ್ದು ಅಂದಿನ ಕಾಳಗವನ್ನಷ್ಟೆ, ಯುದ್ಧವನ್ನಲ್ಲ. 1769ರಲ್ಲಿ ಹೈದರನು ಮದರಾಸಿನ ಬಾಗಿಲಿಗೇ ನುಗ್ಗಿ, ಕಂಪನಿಯನ್ನು ಒಪ್ಪಂದಕ್ಕೆ ಮಣಿಸಿದನು.